ಹೊಸ ಶಿಷ್ಯನಿಗೆ ಎಷ್ಟರ ತಂತಿ?

ಫೆಬ್ರವರಿ 8

ಪ್ರೀತಿಯ ತರಲೆ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಲಿಲ್ಲ, ಕೇಳಿಸಿದ ಅರ್ಧವನ್ನು ನಿಮ್ಮಮ್ಮ ನಂಬಲಿಲ್ಲ. ಇಷ್ಟು ವರ್ಷ ಡ್ರಮ್ಮಿನ ಪಕ್ಕ ನಿಂತ ಕಿವಿಗೆ ಫೋನು ಒಗ್ಗುವುದಿಲ್ಲ. ನಮಗೆ ಕಾಗದವೇ ಸರಿ. ಕಾಗದ ಬರೆದರೆ ಯಾರೂ "ಹಾಂ? ಹಾಂ?" ಅನ್ನಬೇಕಾಗಿಲ್ಲ.

ಇಲ್ಲಿ ಎಲ್ಲ ಕ್ಷೇಮ. ನಿಮ್ಮಮ್ಮನ ಔಷಧದಂಗಡಿಗೆ ಹೊಸ ಗಾಜಿನ ಬಾಗಿಲು ಬಂದಿದೆ. ಅದು ಕಣ್ಣಿಗೆ ಕಾಣದೆ ಜನ ಹಣೆ ಜಜ್ಜಿಕೊಳ್ಳುತ್ತಾರೆ, ಆಮೇಲೆ ಒಳಗೆ ಬಂದು ಅಲ್ಲೇ ಮುಲಾಮು ಕೊಳ್ಳುತ್ತಾರೆ. ವ್ಯಾಪಾರ ಚೆನ್ನಾಗಿದೆ ಅನ್ನುತ್ತಾಳೆ. ನನ್ನದು ಎಂದಿನಂತೆ: ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಗಿಟಾರ್ ಪಾಠ, ಶನಿವಾರ ಸಂಜೆ ಹೋಟೆಲಿನಲ್ಲಿ ಬ್ಯಾಂಡು. ನಿನ್ನ ಢಂಢಂ ಮಾಮ ಈಗಲೂ ಹಾಡು ಮುಗಿದ ಮೇಲೂ ಡ್ರಮ್ ಬಾರಿಸುತ್ತಲೇ ಇರುತ್ತಾನೆ.

ಈಗ ಕೆಲಸದ ಮಾತು. ನನಗೊಬ್ಬ ಹೊಸ ಶಿಷ್ಯ ಸಿಕ್ಕಿದ್ದಾನೆ. ವಯಸ್ಸಾದವನು, ಹೆಚ್ಚುಕಡಿಮೆ ನನ್ನ ಓರಗೆಯವನು. ಎಲೆಕ್ಟ್ರಿಕ್ ಗಿಟಾರ್ ಅಂದರೆ ಪ್ರಾಣ. ಆದರೆ ತಂತಿ ಒತ್ತಿದರೆ ಎಡಗೈ ಬೆರಳಿನ ಗಂಟುಗಳು ನೋಯುತ್ತವಂತೆ. ನನ್ನ ಹತ್ತಿರ ಇರುವುದೆಲ್ಲ ಹನ್ನೊಂದರ ಸೆಟ್, ನಿನಗೇ ಗೊತ್ತು. ತಂತಿ ಅಂದರೆ ಹನ್ನೊಂದು, ಅದಕ್ಕಿಂತ ಸಣ್ಣದೆಲ್ಲ ಗುಂಡಿ ಹೊಲಿಯುವ ದಾರ ಎಂದು ಹೇಳಿಕೊಂಡೇ ಬಂದವನು ನಾನು. ಈಗಲೂ ಹಾಗೇ ಹೇಳುತ್ತೇನೆ. ಆದರೂ ಪಾಪ, ಶಿಷ್ಯ. ನೀನು ದಿನವಿಡೀ ಗಿಟಾರ್ ಕಟ್ಟುವವರ ನಡುವೆ ಇರುವವಳು. ಅವನಿಗೆ ಎಷ್ಟರ ತಂತಿ ಹಾಕಿದರೆ ಒಳ್ಳೆಯದು, ತಿಳಿಸು. ಅವಸರವೇನಿಲ್ಲ. ಕಾಗದ ಕಂಡ ಕೂಡಲೇ ಬರೆ.

ನಿನ್ನ
ಅಪ್ಪ


ಫೆಬ್ರವರಿ 17

ಅಪ್ಪಾ,

ನಿನ್ನ ಕಾಗದ ಓದಿ ಬೆಂಚಿನ ಮುಂದೆ ಒಬ್ಬಳೇ ನಕ್ಕೆ. ಅಂಗಡಿಯ ಯಜಮಾನರು ಕನ್ನಡಕದ ಮೇಲಿನಿಂದ ನೋಡಿ, "ಏನಮ್ಮಾ, ಅಂಟು ಮೂಗಿಗೆ ಏರಿತಾ?" ಅಂದರು. ಇಲ್ಲಿ ಮರದ ಪುಡಿ ಊಟದ ಡಬ್ಬಿಯನ್ನೂ ಬಿಡುವುದಿಲ್ಲ. ಉಜ್ಜುವ ಕೆಲಸದಿಂದ ನನಗೆ ಬಡ್ತಿ ಸಿಕ್ಕಿದೆ. ಈಗ ಕಟ್ಟಿ ಮುಗಿದ ಗಿಟಾರಿಗೆ ತಂತಿ ಹಾಕಿ, ಕತ್ತು ಸರಿಪಡಿಸಿ, ನುಡಿಸಿ ನೋಡುವವಳು ನಾನೇ.

ನಿನಗೆ ನೆನಪಿದೆಯೋ ಇಲ್ಲವೋ, ನಾನು ಶಾಲೆಯಲ್ಲಿದ್ದಾಗ ಕದ್ದು ಒಂಬತ್ತರ ಸೆಟ್ ಹಾಕಿಕೊಂಡಿದ್ದೆ. ಅಡುಗೆಮನೆಯಲ್ಲಿ ಕೂತು ಸದ್ದಿನಿಂದಲೇ ಅದನ್ನು ಕಂಡುಹಿಡಿದ ನೀನು ವಾರವಿಡೀ ಕಾಡಿದ್ದೆ. "ನನ್ನ ಅಂಗಿ ಗುಂಡಿ ಬಿದ್ದಿದೆ, ಸ್ವಲ್ಪ ನಿನ್ನ ಗಿಟಾರ್ ಕೊಡ್ತೀಯಾ ಪುಟ್ಟಿ?" ಅಂತ. ಅಂಥ ನೀನು ಇಂದು ಸಣ್ಣ ತಂತಿ ಕೇಳುತ್ತಿದ್ದೀಯ ಎಂದರೆ ಆ ಶಿಷ್ಯನ ಪುಣ್ಯ ದೊಡ್ಡದು.

ಅವನಿಗೆ ಹೀಗೆ ಹೇಳು. ಸೆಟ್ಟಿನಲ್ಲಿ ಎಲ್ಲಕ್ಕಿಂತ ತೆಳ್ಳಗಿನ ತಂತಿ ಇಂಚಿನ ಸಾವಿರದ ಲೆಕ್ಕದಲ್ಲಿ ಎಷ್ಟು ದಪ್ಪವೋ ಅದೇ ಸೆಟ್ಟಿನ ಹೆಸರು. ಒಂಬತ್ತರದು ತೆಳು, ಹನ್ನೊಂದರದು ದಪ್ಪ. ದಪ್ಪ ತಂತಿಗೆ ಬಿಗಿ ಹೆಚ್ಚು, ಧ್ವನಿ ತುಂಬಿರುತ್ತದೆ, ಆದರೆ ಒತ್ತಲು, ಎಳೆಯಲು ಬೆರಳು ದುಡಿಯಬೇಕು. ತೆಳುವಾದದ್ದು ಬೆರಳಿಗೆ ಸುಲಭ. ಒಮ್ಮೆಗೇ ಹನ್ನೊಂದರಿಂದ ಒಂಬತ್ತಕ್ಕೆ ಹಾರುವುದು ಬೇಡ, ಮೊದಲು ಹತ್ತರದು ನೋಡೋಣ. ಒಂದು ಸೆಟ್ ಲಕೋಟೆಯಲ್ಲಿ ಇಟ್ಟಿದ್ದೇನೆ.

ಜೊತೆಗೆ ಕೆಲವು ಪ್ರಶ್ನೆ, ಗಿರಾಕಿಗಳನ್ನು ಕೇಳುವಂತೆಯೇ ಕೇಳುತ್ತಿದ್ದೇನೆ. ಅವನ ಕೈ ಎಷ್ಟು ದೊಡ್ಡದು? ಯಾವ ಬೆರಳು ನೋಯುವುದು? ಯಾವ ಹಾಡು ನುಡಿಸಬೇಕೆಂದು ಅವನ ಆಸೆ? ಮೀಸೆ ಇದೆಯೇ?

ನಿನ್ನ
ತರಲೆ


ಮಾರ್ಚ್ 1

ತರಲೆ,

ನಿನ್ನ ಪ್ರಶ್ನೆಗಳಿಗೆ ಉತ್ತರ. ಕೈ ನನ್ನಷ್ಟೇ ಇದೆ. ನೋವು ಎಡಗೈ ಉಂಗುರದ ಬೆರಳಿನ ನಡುಗಂಟಿನಲ್ಲಿ, ಬೆಳಿಗ್ಗೆ ಎದ್ದಾಗ ಜಾಸ್ತಿ. ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತಿರುಗಿಸುವಾಗಲೂ ಬರುತ್ತದೆ. ಬರುತ್ತದಂತೆ. ಅವನೇ ಹೇಳಿದ. ಮೀಸೆ ಇದೆ, ಆದರೆ ಮೀಸೆಗೂ ತಂತಿಗೂ ಎತ್ತಣಿಂದೆತ್ತ ಸಂಬಂಧ? ಗಿರಾಕಿಗಳನ್ನೆಲ್ಲ ಹೀಗೆ ಕೇಳಿದರೆ ನಿಮ್ಮ ಯಜಮಾನರ ಅಂಗಡಿ ಉದ್ಧಾರವಾದ ಹಾಗೇ.

ಹಾಡು ಯಾವುದು ಅಂತ ಕೇಳಿದ್ದೀಯ. ನೀನು ಹುಟ್ಟಿದ ವರ್ಷ ನಾನು ಕಟ್ಟಿದ ಧಾಟಿ, ನಿನ್ನ ಹೆಸರಿನದು, "ತರಲೆ". ಅದನ್ನೇ ನುಡಿಸಬೇಕಂತೆ. ಹೋಟೆಲಿನಲ್ಲಿ ಕೇಳಿದ್ದನಂತೆ. ಕೊನೆಯಲ್ಲಿ ತೆಳು ತಂತಿಯನ್ನು ಬೆರಳಲ್ಲೇ ಮೇಲಕ್ಕೆ ತಳ್ಳಿ ಸ್ವರವನ್ನು ಉದ್ದಕ್ಕೆ ಎಳೆಯುತ್ತೇನಲ್ಲ, ನೀನು ತೊಟ್ಟಿಲಲ್ಲಿ ಅಳುತ್ತಿದ್ದ ಹಾಗೆ, ಅಲ್ಲೇ ಅವನ ಬೆರಳು ಕೈಕೊಡುವುದು.

ಹತ್ತರ ಸೆಟ್ ಹಾಕಿದೆ. ಮೊದಮೊದಲು ಹಿತವೆನಿಸಿತು, ಆಮೇಲೆ ಮತ್ತೆ ಅದೇ ರಾಗ. ಒಂಬತ್ತರದು ಕೊಡಿ ಅನ್ನುತ್ತಿದ್ದಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನಿನ್ನ ಕತೆ ಎಂದು ಮುಖಕ್ಕೇ ಹೇಳಿದೆ. ಅವನಿಗೂ ನಾಚಿಕೆಯಾದಂತೆ ಕಂಡಿತು. ಆದರೂ ಒಂದು ಸೆಟ್ ಕಳಿಸು.

ನಿನ್ನ
ಅಪ್ಪ


ಮಾರ್ಚ್ 9

ಅಮ್ಮಾ,

ಈ ಕಾಗದವನ್ನು ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ಅಪ್ಪನಿಗೆ ತೋರಿಸಬೇಡ. ಅವನ ಹೊಸ ಶಿಷ್ಯನನ್ನು ನೀನು ನೋಡಿದ್ದೀಯಾ? ನನಗೇಕೋ ಆ ಶಿಷ್ಯನ ಮೀಸೆಯ ಮೇಲೆ ಅನುಮಾನ. ಅಪ್ಪನ ಕೈಗೆ ಏನಾಗಿದೆ? ಮುಚ್ಚಿಡದೆ ಹೇಳು.

ನಿನ್ನ ಮಗಳು


ಮಾರ್ಚ್ 15

ಚಿನ್ನಾ,

ಶಿಷ್ಯನೂ ಇಲ್ಲ, ಗಿಷ್ಯನೂ ಇಲ್ಲ. ಮಧ್ಯಾಹ್ನ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು "ಹೊಸಬನಿಗೆ ಪಾಠ" ಅನ್ನುತ್ತಾರೆ. ಹೊರಗೆ ನೋಡಿದರೆ ಇವರದೊಂದೇ ಜೊತೆ ಚಪ್ಪಲಿ.

ಬೆರಳಿನ ಗಂಟು ಸವೆದಿದೆ. ನಾನೇ ಹಿಡಿದು ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ನುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ, ಬಲ ಹಾಕುವುದನ್ನು ಕಡಿಮೆ ಮಾಡಿ ಅಂದರು. ಬಲ ಕಡಿಮೆ ಮಾಡಿ ಅಂತ ಇವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ.

ಹೋಟೆಲಿನಲ್ಲಿ "ತರಲೆ" ನುಡಿಸುವಾಗ ಆ ಉದ್ದದ ಎಳೆತ ಬರುವ ಜಾಗಕ್ಕೆ ಕೀಬೋರ್ಡಿನ ಹುಡುಗಿಗೆ ತಲೆಯಾಡಿಸಿ ತಾವು ಸುಮ್ಮನಾಗುತ್ತಾರೆ. ಅವಳು ಚೆನ್ನಾಗಿಯೇ ನುಡಿಸುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಇವರು ಮನೆಗೆ ಬಂದು ಊಟ ಬೇಡ ಅಂತ ಮಲಗುತ್ತಾರೆ. ಏಪ್ರಿಲ್ ಕೊನೆಯ ಶನಿವಾರದೊಳಗೆ ಕೈ ಹದಕ್ಕೆ ಬರದಿದ್ದರೆ ಬ್ಯಾಂಡು ಬಿಟ್ಟು ಗಿಟಾರನ್ನು ನಿನಗೇ ಕಳಿಸಿಬಿಡುತ್ತಾರಂತೆ. ಡ್ರಮ್ಮಿನವರಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಗಿಟಾರ್ ಇಲ್ಲದ ಇವರನ್ನು ನಾನು ನೋಡಿಯೇ ಇಲ್ಲ ಕಣೇ. ನನಗೆ ಭಯವಾಗುತ್ತದೆ.

"ಅವಳಿಗೆ ಮಾತ್ರ ಹೇಳ್ಬೇಡ. ಅವಳ ಹತ್ರ ತಂತಿ ವಿಷಯದಲ್ಲಿ ಅಷ್ಟು ಜಂಬ ಕೊಚ್ಚಿದೀನಿ. ಈಗ ಯಾವ ಮುಖ ಇಟ್ಕೊಂಡು ದಾರ ಕೇಳಲಿ?" ಅಂದರು. ಆದ್ದರಿಂದ ನಾನು ಹೇಳಿಲ್ಲ, ನಿನಗೆ ಗೊತ್ತಿಲ್ಲ. ಶಿಷ್ಯನ ಮೂಲಕವೇ ಗುರುವಿಗೆ ಮದ್ದು ಕೊಡು. ಕಹಿ ಗುಳಿಗೆಯನ್ನು ಯಾವುದರೊಳಗಾದರೂ ಇಟ್ಟೇ ನುಂಗಿಸಬೇಕು, ದಿನಾ ಅಂಗಡಿಯಲ್ಲಿ ನೋಡುತ್ತೇನಲ್ಲ.

ಅಮ್ಮ


ಮಾರ್ಚ್ 20

ಅಪ್ಪಾ,

ನಿನ್ನ ಶಿಷ್ಯನನ್ನು ಬಯ್ಯಬೇಡ. ನನಗೇಕೋ ಅವನು ಇಷ್ಟವಾಗುತ್ತಿದ್ದಾನೆ. ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯಲು ಕೂರುವುದು ಸುಮ್ಮನೆ ಮಾತಲ್ಲ.

ಒಂಬತ್ತರ ಸೆಟ್ ಕಳಿಸಿದ್ದೇನೆ. ಹಾಕಿದ ಮೇಲೆ ತಂತಿ ಕರಕರ ಅಂದರೆ ಹೆದರಬೇಡಿ, ಇಬ್ಬರಿಗೂ ಹೇಳುತ್ತಿದ್ದೇನೆ. ದಪ್ಪ ತಂತಿಯ ಎಳೆತಕ್ಕೆ ಒಗ್ಗಿಕೊಂಡ ಗಿಟಾರಿನ ಕತ್ತು, ತೆಳು ತಂತಿ ಬಂದಾಗ ಹಿಂದಕ್ಕೆ ಸೆಟೆದುಕೊಳ್ಳುತ್ತದೆ. ಕತ್ತಿನೊಳಗಿನ ಕಂಬಿಯನ್ನು ಕೀಲಿಯಿಂದ ಕಾಲು ಸುತ್ತು ಸಡಿಲಿಸಿ ಒಂದು ದಿನ ಹಾಗೇ ಬಿಡು. ಮರಕ್ಕೂ ಯೋಚನೆ ಮಾಡಲು ಹೊತ್ತು ಬೇಕು. ನೆಲ ಕೆಲವೊಮ್ಮೆ ನಿಜವಾಗಿಯೂ ಡೊಂಕಿರುತ್ತದೆ ಅಪ್ಪಾ, ಕುಣಿಯುವವಳ ತಪ್ಪಲ್ಲ.

ಬೆಳಿಗ್ಗೆ ನುಡಿಸುವ ಮೊದಲು ಕೈಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ಶಿಷ್ಯನಿಗೆ ಹೇಳು. ಹೇಳಿದರೆ ಸಾಲದು, ನೀನೂ ಜೊತೆಗೆ ಇಟ್ಟು ತೋರಿಸು. ಗುರುವಾದವನು ಮಾಡಿ ತೋರಿಸಬೇಕು.

ನಿನ್ನ
ತರಲೆ


ಏಪ್ರಿಲ್ 4

ಮಗಳೇ,

ನಿನ್ನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಕಂಬಿ ಸಡಿಲಿಸಿದೆ, ಕರಕರ ನಿಂತಿತು. ಬಿಸಿನೀರೂ ಆಯಿತು. ಒಂದೊಂದೇ ತಂತಿಯನ್ನು ಬಿಡಿಯಾಗಿ ಮೀಟಿದರೆ ಶ್ರುತಿ ಸರಿಯಾಗಿದೆ, ಶ್ರುತಿ ನೋಡುವ ಡಬ್ಬಿಯೂ ಹಸಿರು ದೀಪ ತೋರಿಸುತ್ತದೆ. ಆದರೆ ಬೆರಳಿಟ್ಟು ನುಡಿಸಿದ್ದೇ ತಡ, ಎಲ್ಲವೂ ಅಪಸ್ವರ. ಒಂದು ಸ್ವರವೂ ನೆಟ್ಟಗಿಲ್ಲ, ಎಲ್ಲವೂ ಇರಬೇಕಾದ್ದಕ್ಕಿಂತ ಒಂದು ಕೂದಲು ಮೇಲೆ. ಮತ್ತೆ ಶ್ರುತಿ ಮಾಡಿದೆ, ಮತ್ತೆ ಹಾಗೇ. ಢಂಢಂ ಬಂದು ಕೇಳಿ, "ಏನಯ್ಯಾ, ಬೆಕ್ಕಿನ ಬಾಲ ತುಳಿದ್ಯಾ?" ಅಂದ. ನಗಿಸಲು ಹೇಳಿದ, ನನಗೆ ನಗು ಬರಲಿಲ್ಲ.

ಶಿಷ್ಯನ ಕಿವಿಯೇ ಹೋಗಿರಬೇಕು. ಬೆರಳು ನೋಯುತ್ತದೆ ಅಂದರೆ ಮುಲಾಮು ಹಚ್ಚಬಹುದು, ತಂತಿ ಬದಲಾಯಿಸಬಹುದು. ಕಿವಿ ಹೋದ ಮೇಲೆ ಗಿಟಾರ್ ಹಿಡಿಯುವವನು ಏನು ಮಾಡಬೇಕು ಹೇಳು? ಅವನು ನಿಲ್ಲಿಸುತ್ತೇನೆ ಅಂದ. ನಾನೂ ತಡೆಯಲಿಲ್ಲ.

ನನ್ನ ಗಿಟಾರನ್ನು ಮುಂದಿನ ತಿಂಗಳು ನಿನಗೆ ಕಳಿಸೋಣ ಅಂದುಕೊಂಡಿದ್ದೇನೆ. ನನಗೂ ಸಾಕಾಯಿತು. ಪೆಟ್ಟಿಗೆಯ ಒಂದು ಚಿಲಕ ಕೂರುವುದಿಲ್ಲ, ದಾರ ಕಟ್ಟಿ ಕಳಿಸುತ್ತೇನೆ. ಚೆನ್ನಾಗಿ ನೋಡಿಕೊ.

ಅಪ್ಪ


ಏಪ್ರಿಲ್ 9

ಅಪ್ಪಾ,

ಗಿಟಾರ್ ಕಳಿಸಬೇಡ. ಕಳಿಸಿದರೆ ಸಹಿ ಹಾಕದೆ ವಾಪಸು ಕಳಿಸುತ್ತೇನೆ, ಅಂಚೆಯವನೂ ನೀನೂ ಹೊತ್ತು ತಿರುಗಿ.

ನಿನ್ನ ಕಾಗದ ಓದಿ ಅತ್ತೆ. ಅತ್ತು ಮುಗಿದ ಮೇಲೆ ಮತ್ತೆ ಓದಿದೆ. "ಎಲ್ಲವೂ ಒಂದು ಕೂದಲು ಮೇಲೆ" ಅಂತ ಬರೆದಿದ್ದೀಯಲ್ಲ, ಆ ಮಾತು ಹಿಡಿದುಕೊಂಡು ಬೆಂಚಿಗೆ ಹೋದೆ. ಒಂದು ಗಿಟಾರಿಗೆ ಒಂಬತ್ತರ ಸೆಟ್ ಹಾಕಿದೆ. ಮೊದಲು ನನ್ನ ರೀತಿಯಲ್ಲಿ ನುಡಿಸಿದೆ, ಶ್ರುತಿ ಚೊಕ್ಕವಾಗಿತ್ತು. ಆಮೇಲೆ ನಿನ್ನ ರೀತಿಯಲ್ಲಿ ನುಡಿಸಿದೆ. ಶಿಷ್ಯನಿಗೂ ಗುರುವಿನ ಹಿಡಿತವೇ ಬಂದಿರುತ್ತದಲ್ಲ, ನಿನ್ನ ಹಿಡಿತ ನನಗೆ ಗೊತ್ತು. ಚಿಕ್ಕವಳಾಗಿದ್ದಾಗ ನನ್ನ ಬೆರಳ ಮೇಲೆ ನಿನ್ನ ಬೆರಳಿಟ್ಟು ಒತ್ತಿ ಕಲಿಸಿದವನು ನೀನು. ತಂತಿಯ ಗುರುತು ಸಂಜೆಯವರೆಗೂ ಹೋಗುತ್ತಿರಲಿಲ್ಲ. ಅಷ್ಟು ಒತ್ತಿ ನುಡಿಸಿದೆ. ಎಲ್ಲ ಸ್ವರವೂ ಒಂದು ಕೂದಲು ಮೇಲೆ! ಯಜಮಾನರು ಓಡಿ ಬಂದು, "ಯಾರಮ್ಮಾ ಬೆಕ್ಕು ತಂದದ್ದು?" ಅಂದರು.

ಶಿಷ್ಯನಿಗೆ ಹೇಳು, ಅವನ ಕಿವಿ ಬಂಗಾರ. ಅಪಸ್ವರ ಇದ್ದದ್ದು ನಿಜ, ಅದನ್ನು ಅಷ್ಟು ಸಣ್ಣದಾಗಿ ಹಿಡಿದದ್ದು ಅದೇ ಕಿವಿ. ಕೈಗೆ ಮಾತ್ರ ತಂತಿ ಬದಲಾದದ್ದು ಇನ್ನೂ ಗೊತ್ತಾಗಿಲ್ಲ. ಅದು ಹನ್ನೊಂದರ ತಂತಿಗೆ ಹಾಕುವ ಬಲವನ್ನೇ ಒಂಬತ್ತಕ್ಕೂ ಹಾಕುತ್ತಿದೆ. ಹೋದ ಸಲ ಬಂದಾಗ ನಾನು ನಿನ್ನ ಗಿಟಾರಿನ ಕತ್ತಿಗೆ ಎತ್ತರದ ಲೋಹದ ಪಟ್ಟಿಗಳನ್ನು ಬೇರೆ ಕೂರಿಸಿದ್ದೇನೆ. ಎರಡು ಪಟ್ಟಿಗಳ ನಡುವೆ ತೆಳು ತಂತಿಯನ್ನು ಮರಕ್ಕೆ ತಾಗುವಷ್ಟು ಅದುಮಿದರೆ ಅದು ಇನ್ನಷ್ಟು ಬಿಗಿಯಾಗಿ ಸ್ವರ ಏರದೆ ಇನ್ನೇನು ಮಾಡೀತು? ಬೆರಳಿನ ನೋವು ಇಳಿಯದಿರುವುದೂ ಅದರಿಂದಲೇ.

ಹೀಗೆ ಮಾಡಿಸು. ಬೆರಳನ್ನು ತಂತಿಯ ಮೇಲೆ ಸುಮ್ಮನೆ ಇಟ್ಟು ಮೀಟಲಿ. ಠಪ್ ಎಂಬ ಸತ್ತ ಸದ್ದು ಬರುತ್ತದೆ. ಮೀಟುತ್ತಾ ಮೀಟುತ್ತಾ ಬೆರಳಿಗೆ ಚೂರುಚೂರೇ ಬಲ ಕೊಡಲಿ. ಸ್ವರ ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲಿಗೆ ನಿಲ್ಲಿಸಲಿ. ಅದಕ್ಕಿಂತ ಮುಂದೆ ಹಾಕುವ ಬಲವೆಲ್ಲ ದಂಡ. ಮೊದಲು ಆಂಪ್ಲಿಫೈಯರ್ ಇಲ್ಲದೆ ಅಭ್ಯಾಸ ಮಾಡಲಿ, ಯಾರಿಗೂ ಕೇಳಿಸುವುದಿಲ್ಲ.

ಈ ಲಕೋಟೆಯಲ್ಲಿ ನಾನೇ ಬೆರೆಸಿದ ಸೆಟ್ ಇದೆ. ಎಳೆಯಬೇಕಾದ ಮೂರು ತೆಳು ತಂತಿ ಒಂಬತ್ತರ ಸೆಟ್ಟಿನವು. ಮೂರು ದಪ್ಪ ತಂತಿ ಹತ್ತರ ಸೆಟ್ಟಿನವು, ಕೈಗೆ ಹಿಡಿಯಲು ಏನೋ ಒಂದು ಇದೆ ಅನ್ನಿಸಲಿ ಅಂತ. ಇಂಥದ್ದು ತಪ್ಪಲ್ಲ ಅಪ್ಪಾ. ಇಲ್ಲಿಗೆ ಬರುವ ಒಳ್ಳೊಳ್ಳೆಯ ವಾದಕರೂ ಹೀಗೆ ಬೆರೆಸಿ ಹಾಕಿಸಿಕೊಳ್ಳುತ್ತಾರೆ. ಕೈಗೆ ಯಾವುದು ಒಗ್ಗುತ್ತದೋ ಅದೇ ಸರಿಯಾದ ತಂತಿ.

ಇನ್ನೊಂದು ಮಾತು, ಇದು ಶಿಷ್ಯನಿಗೂ ನಿನಗೂ. ನನಗೆ ಆ ಗಿಟಾರ್ ಬೇಡ. ನಾನು ಮನೆಗೆ ಬಂದಾಗ ಮುಂದಿನ ಕೋಣೆಯಿಂದ ಅದರ ಸದ್ದು ಕೇಳಿಸಬೇಕು, ಅಷ್ಟೇ ಬೇಕು.

ನಿನ್ನ
ತರಲೆ


ಏಪ್ರಿಲ್ 20

ಚಿನ್ನಾ,

ಎರಡೇ ಸಾಲು, ಅಂಗಡಿಯಲ್ಲಿ ಜನ ಇದ್ದಾರೆ. ನಿನ್ನ ಕಾಗದ ಬಂದ ದಿನ ಇವರು ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಮರುದಿನದಿಂದ ಮಧ್ಯಾಹ್ನ ಬಾಗಿಲು ಹಾಕಿದ ಕೋಣೆಯಿಂದ ಠಪ್, ಠಪ್, ಠಪ್. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರು ನಲ್ಲಿ ಸೋರುತ್ತಿದೆಯೇ ಅಂದರು. "ಹೂಂ, ಸರಿಯಾಗ್ತಾ ಇದೆ" ಅಂದೆ. ನಿನ್ನೆ ಇವರೇ ಪೇಸ್ಟಿನ ಮುಚ್ಚಳ ತೆಗೆದು ನನಗೂ ಹಾಕಿಕೊಟ್ಟರು.

ಆ ಕೊನೆಯ ಶನಿವಾರ ಏನಾಗುತ್ತದೋ ಗೊತ್ತಿಲ್ಲ. ನಾನೂ ಹೋಟೆಲಿಗೆ ಹೋಗಿ ಕೂರುತ್ತೇನೆ.

ಅಮ್ಮ


ಮೇ 2

ಪ್ರೀತಿಯ ತರಲೆ,

ನಿಮ್ಮಮ್ಮ ಮೊದಲು ಬರೆಯುತ್ತೇನೆ ಅಂತ ಹೊರಟಿದ್ದಳು. ಪೆನ್ನು ಕಿತ್ತುಕೊಂಡು ನಾನು ಬರೆಯುತ್ತಿದ್ದೇನೆ.

ಶನಿವಾರ ಹೋಟೆಲಿನ ಹಾಲ್ ತುಂಬಿತ್ತು. ಅವಳು ಕಂಬದ ಪಕ್ಕದ ಮೇಜಿನಲ್ಲಿ ಕೂತಿದ್ದಳು, ಒಂದು ಲೋಟ ಹಣ್ಣಿನ ರಸ ತರಿಸಿಕೊಂಡು ಅದನ್ನು ಮುಟ್ಟದೆ. ಮೊದಲ ಹಾಡುಗಳು ಸರಾಗವಾಗಿ ಹೋದವು. ಒಂದೆರಡು ಕಡೆ ಹಳೆಯ ಚಾಳಿ ಬಂದು ಬೆರಳು ಅದುಮಿತು, ಕಿವಿ ಕೂಡಲೇ ಗದರಿಸಿತು, ಬೆರಳು ಹಗುರವಾಯಿತು. ಕಿವಿ ಬಂಗಾರ ಅಂದಿದ್ದೆಯಲ್ಲ, ಆ ಮಾತನ್ನು ನಾನು ಎಷ್ಟು ಸಲ ಓದಿದೆನೋ ನಿನಗೆ ಹೇಳುವುದಿಲ್ಲ, ನಿನಗೆ ಕೊಬ್ಬು ಬರುತ್ತದೆ.

ಕೊನೆಗೆ "ತರಲೆ" ಬಂತು. ಆ ಎಳೆತದ ಜಾಗಕ್ಕೆ ಕೀಬೋರ್ಡಿನ ಹುಡುಗಿ ಎಂದಿನಂತೆ ನನ್ನ ಕಡೆ ನೋಡಿ ಬೆರಳೆತ್ತಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಕೈ ತೊಡೆಯ ಮೇಲಿಟ್ಟು ನಕ್ಕಳು. ತಂತಿ ತಳ್ಳಿದೆ. ಅದು ಎದುರಾಡಲಿಲ್ಲ ಮಗಳೇ, ಕರೆದಲ್ಲಿಗೆ ಬಂತು. ನೋವು ಇತ್ತು, ಇಲ್ಲ ಅನ್ನುವುದಿಲ್ಲ, ಆದರೆ ಅದನ್ನು ಗಮನಿಸುವಷ್ಟು ಪುರುಸೊತ್ತು ಇರಲಿಲ್ಲ. ಸ್ವರ ಏರಿ ನಿಂತಿತು. ತಟ್ಟೆ ಹಿಡಿದು ಹೋಗುತ್ತಿದ್ದ ಮಾಣಿ ಅಲ್ಲೇ ನಿಂತ. ಹಾಡು ಮುಗಿಯಿತು, ಅದರ ಜೊತೆಗೇ ಢಂಢಂನ ಡ್ರಮ್ಮೂ ಮುಗಿಯಿತು. ನನ್ನ ಜನ್ಮದಲ್ಲಿ ಮೊದಲ ಸಲ! ಆಮೇಲೆ ಕೇಳಿದರೆ, "ಕೋಲು ಎಲ್ಲಿದೆ ಅಂತಲೇ ಮರೆತುಹೋಯ್ತು ಕಣಯ್ಯಾ" ಅಂದ. ನಿಮ್ಮಮ್ಮ ಆ ಹಣ್ಣಿನ ರಸವನ್ನು ಒಂದೇ ಗುಟುಕಿಗೆ ಕುಡಿದಳು. ಮನೆಗೆ ಬಂದು ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ಈಗ ನಿನಗೊಂದು ಮಾತು ಹೇಳಬೇಕು. ದಪ್ಪ ತಂತಿಯಲ್ಲಿ ಆ ಸ್ವರ ಗಟ್ಟಿಯಾಗಿ, ಗಂಡಸಿನ ದನಿಯಂತೆ ಬರುತ್ತಿತ್ತು. ನಾನು ಅದನ್ನೇ ಸರಿ ಅಂದುಕೊಂಡಿದ್ದೆ. ಮೊನ್ನೆ ತೆಳು ತಂತಿಯಲ್ಲಿ ಕೇಳಿದಾಗ ತೊಟ್ಟಿಲು ನೆನಪಾಯಿತು. ನಿನ್ನ ಅಳು ಹಾಗೇ ಇದ್ದದ್ದು, ತೆಳ್ಳಗೆ, ಚೂಪಾಗಿ, ಮನೆಯ ಮೂಲೆಮೂಲೆಗೂ ಹೋಗುವ ಹಾಗೆ. ನೀನು ಹುಟ್ಟಿದ ವರ್ಷದಿಂದ ನುಡಿಸುತ್ತಿದ್ದೇನೆ, ಸರಿಯಾಗಿ ನುಡಿಸಿದ್ದು ಈ ಶನಿವಾರ.

ಬ್ಯಾಂಡು ಬಿಡುವುದಿಲ್ಲ. ಗಿಟಾರಿನ ಪೆಟ್ಟಿಗೆಗೆ ಕಟ್ಟಿದ್ದ ದಾರ ಬಿಚ್ಚಿದ್ದೇನೆ. ನೀನು ಬೆರೆಸಿದಂಥ ತಂತಿ ಇನ್ನಷ್ಟು ಬೇಕು. ಅಂಚೆಗೆ ಹಾಕಬೇಡ. ಯಜಮಾನರಿಗೆ ಹೇಳಿ ರಜೆ ಹಾಕಿ ನೀನೇ ತೆಗೆದುಕೊಂಡು ಬಾ, ಬಾಗಿಲ ಹೊರಗೆ ಇನ್ನೊಂದು ಜೊತೆ ಚಪ್ಪಲಿ ಇರಲಿ. ಚಪ್ಪಲಿ ಲೆಕ್ಕ ಇಡುತ್ತಿದ್ದೆ ಅಂತ ನಿಮ್ಮಮ್ಮ ಈಗಷ್ಟೇ ಒಪ್ಪಿಕೊಂಡಳು. ನನ್ನ ನೀಲಿ ಅಂಗಿಯ ಮೇಲಿನ ಗುಂಡಿಯೂ ಬಿದ್ದುಹೋಗಿದೆ. ದಾರಕ್ಕೆ ನಿನ್ನನ್ನೇ ನಂಬಿದ್ದೇನೆ.

ನಿನ್ನ ಶಿಷ್ಯ,
ಅಪ್ಪ